ಹಳೆಯ ಅಂಬಾಸಿಡರ್‌ಗೆ ಬೇರೆ ಎಂಜಿನ್ ಕೂಡಿಸಬಹುದೇ?

ವಾಹನ ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು 1968ರಲ್ಲಿ ಕೊಂಡ ಮಾರ್ಕ್ 2 ಅಂಬಾಸಿಡರ್ ಇಂದಿಗೂ ನಮ್ಮ ಮನೆಯಲ್ಲಿದೆ. ಬಾಡಿ ಗಟ್ಟಿಮುಟ್ಟಾಗಿದೆ, ಎಂಜಿನ್ ಮಾತ್ರ ಸೋತಿದೆ. ಶಿರಾಡಿ ಘಾಟಿ ಹತ್ತುವಾಗ ನೀರು ಕುದಿಯುತ್ತದೆ. ಇಳಿದು ಮುಗಿಸಿ ಮತ್ತೆ ವೇಗ ಹಿಡಿಯುವಾಗ ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಒಬ್ಬ ಮೆಕ್ಯಾನಿಕ್ ಗುಜರಿಗೆ ಬಂದಿರುವ ಜೀಪಿನ ಡೀಸೆಲ್ ಎಂಜಿನ್ ಕೂಡಿಸೋಣ ಎನ್ನುತ್ತಾರೆ, ಇನ್ನೊಬ್ಬರು ಇಸುಜು ಪೆಟ್ರೋಲ್ ಎಂಜಿನ್ ಹಾಕಿಸಿ ಎನ್ನುತ್ತಾರೆ. ಯಾವ ದಾರಿ ಹಿಡಿಯಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ತಾವು ಬರೆದಿರುವ ಎರಡು ಲಕ್ಷಣಗಳಲ್ಲಿ ಒಂದೂ ಎಂಜಿನ್ ಬದಲಿಸಲೇಬೇಕು ಎಂದು ಹೇಳುವಂಥದ್ದಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿಯುವಾಗ ಸಿಲಿಂಡರಿನೊಳಗೆ ನಿರ್ವಾತ ಹೆಚ್ಚುತ್ತದೆ. ವಾಲ್ವ್ ಗೈಡುಗಳೂ ಸೀಲುಗಳೂ ಸವೆದಿದ್ದರೆ ಆ ನಿರ್ವಾತ ಮೇಲಿನ ಆಯಿಲನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಕಾಲು ಒತ್ತಿದ ಕೂಡಲೇ ಅದು ಉರಿದು ನೀಲಿ ಹೊಗೆಯಾಗಿ ಹೊರಬೀಳುತ್ತದೆ. ಇದು ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿದರೆ ಮುಗಿಯುವ ಕೆಲಸ. ಏರಿನಲ್ಲಿ ಎಳೆಯುವಾಗಲೂ ಹೊಗೆ ಬಿಡದೆ ಬರುತ್ತಿದ್ದರೆ ಮಾತ್ರ ಪಿಸ್ಟನ್ನಿನ ರಿಂಗು, ಅದು ಓಡಾಡುವ ಸಿಲಿಂಡರಿನ ಬೋರುಗಳ ಮೇಲೆ ಅನುಮಾನ ಪಡಬೇಕು. ಇದನ್ನು ಖಚಿತಪಡಿಸಿಕೊಳ್ಳಲು ನಾಲ್ಕೂ ಪ್ಲಗ್ ಬಿಚ್ಚಿಸಿ ಕಂಪ್ರೆಷನ್ ಗೇಜ್ ಹಿಡಿಸಿ. ಕಡಿಮೆ ತೋರಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಅಳೆಸಿ. ಎರಡನೆಯ ಸಲ ಮುಳ್ಳು ಗಣನೀಯವಾಗಿ ಮೇಲೇರಿದರೆ ದೋಷ ರಿಂಗಿನಲ್ಲಿದೆ, ಏರದಿದ್ದರೆ ವಾಲ್ವಿನಲ್ಲಿದೆ.

ನೀರು ಕುದಿಯುವುದಕ್ಕೂ ಎಂಜಿನ್ನಿನ ಶಕ್ತಿಗೂ ನೇರ ಸಂಬಂಧವಿಲ್ಲ. ಅರ್ಧ ಶತಮಾನ ದಾಟಿದ ಬ್ಲಾಕಿನ ನೀರಿನ ದಾರಿಗಳಲ್ಲಿ, ಅದರಲ್ಲೂ ಹಿಂದಿನ ಸಿಲಿಂಡರಿನ ಸುತ್ತ, ತುಕ್ಕಿನ ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಬ್ಲಾಕಿನ ಪಕ್ಕದ ವೆಲ್ಷ್ ಪ್ಲಗ್‌ಗಳನ್ನು (ನೀರಿನ ದಾರಿಯ ತೂತು ಮುಚ್ಚುವ ತಗಡಿನ ಬಿಲ್ಲೆಗಳನ್ನು) ತೆಗೆಸಿ, ತಂತಿ ಹಾಕಿ ಕೆರೆದು, ನೀರಿನ ಒತ್ತಡದಿಂದ ತೊಳೆಸಿ. ರೇಡಿಯೇಟರನ್ನು ಬಿಚ್ಚಿಸಿ ಕೋರ್ ಶುಚಿ ಮಾಡಿಸಿ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ ಎಂಜಿನ್ ಬಿಸಿಯಾಗುತ್ತದೆ. ಇದನ್ನೆಲ್ಲ ಮಾಡಿಸದೆ ಹೆಚ್ಚು ಶಾಖ ಹೊರಹಾಕುವ ದೊಡ್ಡ ಎಂಜಿನ್ನನ್ನು ಅದೇ ರೇಡಿಯೇಟರಿನ ಹಿಂದೆ ಕೂರಿಸಿದರೆ ಶಿರಾಡಿಯ ಅರ್ಧದಲ್ಲಿ ಮತ್ತೆ ಬಾನೆಟ್ ಎತ್ತಿ ನಿಲ್ಲುವುದು ತಪ್ಪುವುದಿಲ್ಲ.

ಇಷ್ಟರ ಮೇಲೂ ಬದಲಾವಣೆಯೇ ಬೇಕೆಂದರೆ, ಕಾರ್ಖಾನೆ ತಾನೇ ಏನು ಮಾಡಿತು ಎಂಬುದನ್ನು ನೋಡುವುದು ಒಳ್ಳೆಯದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿ ಹಿಂದುಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಿಸಿದ ಅಂಬಾಸಿಡರ್ 2014ರವರೆಗೂ ಬಂತು. ಆ ದೀರ್ಘ ಅವಧಿಯಲ್ಲಿ ಹೊರರೂಪ ಹೆಚ್ಚು ಬದಲಾಗದೆ ಒಳಗಿನ ಎಂಜಿನ್ ಮಾತ್ರ ಹಲವು ಸಲ ಬದಲಾಯಿತು. ತಮ್ಮ ಕಾರಿನಲ್ಲಿರುವುದು 1489 ಸಿಸಿಯ ಬಿಎಂಸಿ ಬಿ-ಸರಣಿಯ ಪೆಟ್ರೋಲ್ ಎಂಜಿನ್. ಅದರ ಶಕ್ತಿ ಸುಮಾರು 50 ಅಶ್ವಶಕ್ತಿ. ಮುಂದೆ ಅದೇ ಅಳತೆಯ ಡೀಸೆಲ್ ಎಂಜಿನ್ ಬಂತು. 37 ಅಶ್ವಶಕ್ತಿಯ ಆ ಎಂಜಿನ್ ನಿಧಾನದ್ದಾದರೂ ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಟ್ಯಾಕ್ಸಿಯವರ ಹೊಟ್ಟೆ ತುಂಬಿಸಿತು. 1990ರ ದಶಕದ ಆರಂಭದಲ್ಲಿ 1817 ಸಿಸಿಯ ಇಸುಜು ಪೆಟ್ರೋಲ್ ಎಂಜಿನ್ ಬಂದಾಗ ಶಕ್ತಿ ಸುಮಾರು 75ಕ್ಕೆ ಏರಿತು. ಆದರೆ ಅಂದು ಕಾರ್ಖಾನೆ ಎಂಜಿನ್ ಒಂದನ್ನೇ ಬದಲಿಸಲಿಲ್ಲ. ಅದರ ಜತೆಗೆ ಐದು ಗೇರುಗಳ ಗೇರ್‌ಬಾಕ್ಸ್ ಬಂತು, ಸ್ಟೀರಿಂಗ್ ಕಾಲಮ್ಮಿನಲ್ಲಿದ್ದ ಗೇರ್ ಕಡ್ಡಿ ನೆಲಕ್ಕೆ ಇಳಿಯಿತು, ಎಂಜಿನ್ ಕೂರುವ ಮೌಂಟಿಂಗುಗಳು ಬೇರೆಯಾದವು. ಮುಂಗಾಲಿಗಳಿಗೆ ಡಿಸ್ಕ್ ಬ್ರೇಕುಗಳೂ ಕಾಲಕ್ರಮದಲ್ಲಿ ಬಂದವು. ಅದೇ ಕಂಪನಿಯ ಕಾಂಟೆಸ್ಸಾದ ಕತೆಯೂ ಇದೇ. 1984ರಲ್ಲಿ ಆ ದೊಡ್ಡ ಬಾಡಿಯನ್ನು ಹಳೆಯ 1489 ಸಿಸಿ ಎಂಜಿನ್ನಿನೊಡನೆ ರಸ್ತೆಗಿಳಿಸಿದಾಗ ಕಾರಿಗೆ ಎಳೆಯುವ ತ್ರಾಣವೇ ಇರಲಿಲ್ಲ. ಇಸುಜು ಎಂಜಿನ್ ಮತ್ತು ಅದಕ್ಕೊಪ್ಪುವ ಗೇರ್‌ಬಾಕ್ಸ್ ಬಂದ ಮೇಲೆಯೇ ಅದು ತನ್ನ ಗಾತ್ರಕ್ಕೆ ತಕ್ಕ ಕಾರಾಯಿತು.

ಆದ್ದರಿಂದ ಇಸುಜು ದಾರಿಯನ್ನು ಹಿಡಿಯುವವರಿಗೆ ನಾನು ಕೊಡುವ ಸಲಹೆ ಒಂದೇ. ಎಂಜಿನ್ ಮಾತ್ರ ಕೊಳ್ಳಬೇಡಿ. ಕೆಟ್ಟು ನಿಂತಿರುವ, ದಾಖಲೆ ಸರಿಯಿರುವ ಇಡೀ ಇಸುಜು ಅಂಬಾಸಿಡರನ್ನೇ ಕೊಳ್ಳಿ. ಗೇರ್‌ಬಾಕ್ಸ್, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಮೌಂಟಿಂಗ್, ರೇಡಿಯೇಟರ್, ಕ್ಲಚ್ ಜೋಡಣೆ, ಬ್ರೇಕು, ವೈರಿಂಗ್ ಎಲ್ಲವೂ ಒಂದಕ್ಕೊಂದು ಹೊಂದುವಂತೆ ಅದರಲ್ಲೇ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದಲ್ಲೋ ಬಿಡಿಬಿಡಿಯಾಗಿ ಹುಡುಕಿ ಕೂಡಿಸುವವರ ಹಣ ಹೆಚ್ಚು ಪೋಲಾಗುವುದು ಎಂಜಿನ್ನಿನ ಮೇಲಲ್ಲ, ಆ ಎಂಜಿನ್ ಮತ್ತು ಈ ಕಾರಿನ ನಡುವೆ ಬರುವ ನೂರೆಂಟು ಸಣ್ಣ ಸಾಮಾನುಗಳ ಮೇಲೆ.

ಜೀಪಿನ ಡೀಸೆಲ್ ಎಂಜಿನ್ ವಿಷಯದಲ್ಲಿ ನನ್ನ ಸಹಮತವಿಲ್ಲ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಡೀಸೆಲ್ ದರ ಪೆಟ್ರೋಲಿಗಿಂತ ಬಹಳ ಕಡಿಮೆಯಿದ್ದ ದಿನಗಳಲ್ಲಿ ಮ್ಯಾಟಡೋರ್ ವ್ಯಾನಿನ ಎಂಜಿನ್ ಕೂಡಿಸಿದ ಅಂಬಾಸಿಡರ್‌ಗಳು ದಕ್ಷಿಣ ಭಾರತದಲ್ಲಿ ಓಡಾಡಿದ್ದು ನಿಜ. ಅವುಗಳನ್ನು ಓಡಿಸಿದವರಿಗೆ ನಡುಕವೂ ಗೊತ್ತು, ಮುಂಭಾಗ ಕುಸಿದು ಸ್ಟೀರಿಂಗ್ ಕಲ್ಲಾದದ್ದೂ ಗೊತ್ತು. ಅಂಬಾಸಿಡರಿಗೆ ಜೀಪಿನಂತೆ ಪ್ರತ್ಯೇಕ ಷಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ; ಮುಂಗಾಲಿಗಳ ಸ್ಪ್ರಿಂಗಿನ ಕೆಲಸವನ್ನು ತಿರುಚುವ ಟಾರ್ಷನ್ ಬಾರುಗಳು ಮಾಡುತ್ತವೆ. ಬೀಡುಕಬ್ಬಿಣದ ಭಾರಿ ಡೀಸೆಲ್ ಎಂಜಿನ್ ಕೂರಿಸಿದಾಗ ಆ ಬಾರುಗಳೂ ಅವು ಹಿಡಿದಿರುವ ಜಾಗದ ತಗಡೂ ಲೆಕ್ಕಕ್ಕೆ ಮೀರಿದ ಹೊರೆ ಹೊರಬೇಕಾಗುತ್ತದೆ. ಯಾವ ಎಂಜಿನ್ ಆಗಲಿ, ಬಿಚ್ಚುವ ಮೊದಲು ಕಾರನ್ನು ವೇ ಬ್ರಿಡ್ಜಿಗೆ ಒಯ್ದು ಮುಂದಿನ ಎರಡು ಚಕ್ರಗಳನ್ನಷ್ಟೇ ಮೇಲೇರಿಸಿ ತೂಕ ಬರೆದಿಟ್ಟುಕೊಳ್ಳಿ; ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನೂ ಅಳೆದಿಡಿ. ಕೆಲಸ ಮುಗಿದ ಮೇಲೆ ಇವೆರಡನ್ನೂ ಹೋಲಿಸಿದರೆ ಮೆಕ್ಯಾನಿಕ್ ಹೇಳುವ ‘ಏನೂ ಆಗಲ್ಲ ಸಾರ್’ ಎಂಬ ಮಾತಿನ ಬೆಲೆ ತಿಳಿಯುತ್ತದೆ.

ಇನ್ನೊಂದು ಸಂಗತಿ ಬ್ರೇಕಿನದು. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತವನ್ನೇ, ಪೆಡಲಿನ ಮೇಲಿನ ಕಾಲಿನ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ಬಳಸಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನಿಗೆ ಸಾಮಾನ್ಯವಾಗಿ ಅಂಥ ಥ್ರಾಟಲ್ ಇರುವುದಿಲ್ಲ, ಆದ್ದರಿಂದ ಬೂಸ್ಟರ್ ಕೆಲಸ ಮಾಡಬೇಕಾದರೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಇದನ್ನು ಮರೆತು ಕೂಡಿಸಿದ ಕಾರಿನ ಬ್ರೇಕ್ ಪೆಡಲು ಘಾಟಿಯಲ್ಲಿ ಕಲ್ಲಿನಂತೆ ನಿಂತುಬಿಡುತ್ತದೆ. ಬೂಸ್ಟರೇ ಇಲ್ಲದ, ನಾಲ್ಕೂ ಕಡೆ ಡ್ರಮ್ ಇರುವ ಹಳೆಯ ಕಾರುಗಳಲ್ಲಿ ಪ್ರಶ್ನೆ ಬೇರೆ ರೀತಿಯದು: ಗಂಟೆಗೆ 60 ಕಿಲೋಮೀಟರಿನಿಂದ ನಿಲ್ಲಿಸುವುದಕ್ಕಿಂತ 90ರಿಂದ ನಿಲ್ಲಿಸುವಾಗ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಎರಡೂಕಾಲು ಪಟ್ಟು. ಎಂಜಿನ್ನಿಗೆ ಹಣ ತೆಗೆದಿಡುವ ಮೊದಲು ಬ್ರೇಕಿಗೆ ತೆಗೆದಿಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಗೇರಿನ ಲೆಕ್ಕವನ್ನು ತಾವೇ ಮನೆಯಲ್ಲಿ ಮಾಡಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಮುಂಚಕ್ರಗಳಿಗೆ ಭದ್ರವಾಗಿ ಕಲ್ಲು ಕೊಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಗೇರನ್ನು ನ್ಯೂಟ್ರಲಿಗೆ ತನ್ನಿ. ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಆಗ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಹಿಂದಿನ ಆಕ್ಸಲಿನ ಅನುಪಾತ. ಅದು ನಾಲ್ಕೂವರೆ ಎಂದಿಟ್ಟುಕೊಳ್ಳೋಣ, ಟೈರಿನ ಸುತ್ತಳತೆ 2.1 ಮೀಟರ್ ಎಂದುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1333 ಮೀಟರ್, ಅಂದರೆ ಚಕ್ರದ ಸುಮಾರು 635 ಸುತ್ತು. ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2860 ಸುತ್ತು ತಿರುಗುತ್ತಿರುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಇದು ನೆಮ್ಮದಿಯ ವೇಗ. ಕಡಿಮೆ ಸುತ್ತಿನಲ್ಲೇ ದುಡಿಯುವಂತೆ ರೂಪಿಸಿದ ಹಳೆಯ ಡೀಸೆಲ್ ಎಂಜಿನ್ನಿಗೆ ಇದೇ ವೇಗ ಉಸಿರು ಕಟ್ಟಿಸುತ್ತದೆ. ಐದನೆಯ ಗೇರಿರುವ ಗೇರ್‌ಬಾಕ್ಸೋ ಬೇರೆ ಅನುಪಾತದ ಆಕ್ಸಲೋ ಇಲ್ಲದೆ ಅಂಥ ಬದಲಾವಣೆ ಪೂರ್ತಿಯಾಗುವುದಿಲ್ಲ. ಗೇರ್‌ಬಾಕ್ಸಿನ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಬೆಸೆದು ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು, ಎರಡು ತುದಿಯ ಫ್ಲೇಂಜುಗಳು ಒಂದಕ್ಕೊಂದು ಸಮಾನಾಂತರವಾಗಿರುವಂತೆ ಎಂಜಿನ್ನಿನ ವಾಲು ಸರಿಪಡಿಸಬೇಕು. ಇದು ತಪ್ಪಿದರೆ ನೆಲದಿಂದ ಬರುವ ಗುಂಯ್‌ಗುಡುವಿಕೆ ಎಷ್ಟು ಜಾಯಿಂಟ್ ಬದಲಿಸಿದರೂ ಹೋಗುವುದಿಲ್ಲ.

ಈಗ ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಮೇಲ್ಮನವಿಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸವೆದ ಎಂಜಿನ್ನಿನ ಜಾಗದಲ್ಲಿ ಅದೇ ತಯಾರಕರ ಅದೇ ಬಗೆಯ ಎಂಜಿನ್ ಕೂರಿಸಿ, ಅನುಮತಿ ಪಡೆದು ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸುವುದು ಒಂದು ವಿಷಯ. ಸಿಸಿಯೋ ಇಂಧನವೋ ಬೇರೆಯಾಗುವ ಎಂಜಿನ್ ಕೂರಿಸುವುದು ಸಂಪೂರ್ಣ ಬೇರೆ ವಿಷಯ, ಮತ್ತು ಅದಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ‘ಆಮೇಲೆ ಮಾಡಿಸಿಕೊಡ್ತೀನಿ’ ಎನ್ನುವ ಏಜೆಂಟರ ಬಾಯಿಮಾತನ್ನು ನಂಬಬೇಡಿ.

ತಮ್ಮ ಕಾರಿನ ಮಟ್ಟಿಗೆ ಇನ್ನೂ ಒಂದು ಮುಖ್ಯ ವಿಚಾರವಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ, ಅವಧಿ 10 ವರ್ಷ. ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದು ನಿಜ, ಆದ್ದರಿಂದ ಎಲ್ಲರಿಗೂ ಅದು ಬೇಕಾಗಲಾರದು. ಆದರೆ ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾದ ವಾಹನ ಆ ಅರ್ಹತೆಯನ್ನೇ ಕಳೆದುಕೊಳ್ಳುತ್ತದೆ. 1968ರ ಕಾರು, ಅದರದೇ ಎಂಜಿನ್ನಿನೊಡನೆ, ಒಂದೇ ಮನೆಯಲ್ಲಿ ಉಳಿದು ಬಂದಿರುವುದು ಇಂದು ಅಪರೂಪ. ತಮ್ಮ ಎಂಜಿನ್ನನ್ನು ಇಳಿಸಿ ಸಂಪೂರ್ಣ ರಿಪೇರಿ ಮಾಡಿಸಿ ಮತ್ತೆ ಕೂರಿಸಿ ಎಂಬುದೇ ನನ್ನ ಖಚಿತ ಸಲಹೆ.

ಪ್ರಶ್ನೆ: ನನ್ನ ಬಳಿ 1982ರ ಪ್ರೀಮಿಯರ್ ಪದ್ಮಿನಿ ಇದೆ. ಮಾರುತಿ ಎಂಜಿನ್ ಕೂರಿಸಿದರೆ ಬಿಡಿಭಾಗಗಳ ಚಿಂತೆಯೇ ಇರುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ?
— ಓದುಗರೊಬ್ಬರು, ಉಡುಪಿ

ಉತ್ತರ: ಯಾವ ಮಾರುತಿ ಎಂಬುದರ ಮೇಲೆ ಉತ್ತರ ನಿಂತಿದೆ. ಪದ್ಮಿನಿಯಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಝೆನ್, ಎಸ್ಟೀಮ್‌ನಂಥ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತು, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯಲ್ಲಿದ್ದು, ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ; ಅವುಗಳ ಗೇರ್‌ಬಾಕ್ಸ್ ಪದ್ಮಿನಿಗೆ ಯಾವ ಉಪಯೋಗಕ್ಕೂ ಬಾರದು. ಜೋಡಣೆಯ ದೃಷ್ಟಿಯಿಂದ ಹತ್ತಿರವಾಗುವುದು ಜಿಪ್ಸಿಯ 1298 ಸಿಸಿ ಎಂಜಿನ್. ಆದರೆ ಇಂಜೆಕ್ಷನ್ ಇರುವ ಎಂಜಿನ್ನಿಗೆ ಅದನ್ನು ನಿಯಂತ್ರಿಸುವ ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ, ಸೆನ್ಸರುಗಳು, ಪೂರ್ತಿ ವೈರಿಂಗ್, ಒತ್ತಡದ ಪೆಟ್ರೋಲ್ ಪಂಪ್ ಮತ್ತು ಟ್ಯಾಂಕಿಗೆ ಮರಳುವ ಪೈಪು ಎಲ್ಲವೂ ಬೇಕಾಗುತ್ತವೆ. ಪದ್ಮಿನಿಯ ಯಾಂತ್ರಿಕ ಪಂಪು ಕಾರ್ಬ್ಯುರೇಟರಿಗೆ ಕೊಡುವ ಅಲ್ಪ ಒತ್ತಡ ಅದಕ್ಕೆ ಸಾಲದು. ಇಷ್ಟೆಲ್ಲ ಮಾಡಿದ ಮೇಲೂ ಮೇಲೆ ಹೇಳಿದ ಕಾನೂನಿನ ತೊಡಕು ಹಾಗೆಯೇ ಉಳಿಯುತ್ತದೆ.

ಬೇರೆ ಕಂಪನಿಯ ಎಂಜಿನ್ ಕೂರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪ್ರೀಮಿಯರ್ ಕಂಪನಿಯೇ 1985ರಲ್ಲಿ ಫಿಯಟ್ 124ರ ಬಾಡಿಗೆ 1171 ಸಿಸಿಯ ನಿಸ್ಸಾನ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂರಿಸಿ 118 ಎನ್‌ಇ ಎಂಬ ಒಳ್ಳೆಯ ಕಾರನ್ನು ಕೊಟ್ಟಿತು. ಕಾರ್ಖಾನೆಗೆ ಅಳತೆ, ಪರೀಕ್ಷೆ, ಅನುಮೋದನೆಗಳ ವ್ಯವಸ್ಥೆ ಇತ್ತು. ಬೀದಿಬದಿಯ ಗ್ಯಾರೇಜಿಗೆ ಅದಿಲ್ಲ. ಪದ್ಮಿನಿಯ 1089 ಸಿಸಿ ಎಂಜಿನ್ ಸರಳವಾದದ್ದು, ಕೈ ಪಳಗಿದ ಫಿಯಟ್ ಮೆಕ್ಯಾನಿಕ್‌ಗಳು ಕರಾವಳಿಯಲ್ಲಿ ಇನ್ನೂ ಇದ್ದಾರೆ. ಅವರಿರುವಾಗಲೇ ಅದನ್ನು ಸರಿಮಾಡಿಸಿಕೊಳ್ಳಿ.

ಪ್ರಶ್ನೆ: ಕೆಲವು ತಿಂಗಳ ಹಿಂದೆ ಹಳೆಯ ಅಂಬಾಸಿಡರ್ ಕೊಂಡೆ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದೆ, ಬಾನೆಟ್ ಎತ್ತಿದರೆ ಡೀಸೆಲ್ ಎಂಜಿನ್ ಇದೆ. ಮಾರಿದವರು ‘ಎಲ್ಲರೂ ಹೀಗೇ ಓಡಿಸುತ್ತಾರೆ’ ಎನ್ನುತ್ತಾರೆ. ನಾನು ಏನು ಮಾಡಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ದಯವಿಟ್ಟು ಇತ್ಯರ್ಥವಾಗುವವರೆಗೆ ಆ ಕಾರನ್ನು ರಸ್ತೆಗೆ ತರಬೇಡಿ. ಅನುಮತಿಯಿಲ್ಲದ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗಿನ ಸಜೆ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮಾಡಿಸಿದವರು ಹಿಂದಿನ ಮಾಲೀಕರು ಎಂದು ತಾವು ಹೇಳಬಹುದು. ಆದರೆ ಇಂದು ಆರ್‌ಸಿಯಲ್ಲಿರುವ ಹೆಸರು ತಮ್ಮದು, ತಪಾಸಣೆಯಲ್ಲಿ ಉತ್ತರ ಹೇಳಬೇಕಾದವರೂ ತಾವೇ.

ದಂಡಕ್ಕಿಂತ ನನಗೆ ಹೆಚ್ಚು ಆತಂಕ ವಿಮೆಯ ಬಗ್ಗೆ. ಪಾಲಿಸಿಯಲ್ಲಿ ಎಂಜಿನ್ ನಂಬರು, ಸಿಸಿ, ಇಂಧನ ಎಲ್ಲವೂ ನಮೂದಾಗಿರುತ್ತವೆ. ಕಾರುಗಳ ಥರ್ಡ್ ಪಾರ್ಟಿ ಪ್ರೀಮಿಯಂ ಕೂಡ 1000 ಸಿಸಿವರೆಗೆ, 1500 ಸಿಸಿವರೆಗೆ, ಅದಕ್ಕಿಂತ ಮೇಲೆ ಎಂದು ಬೇರೆಬೇರೆ ಇದೆ. ಅಪಘಾತವಾದ ದಿನ ಬಾನೆಟ್ಟಿನ ಕೆಳಗೆ ಪಾಲಿಸಿಯಲ್ಲಿಲ್ಲದ ಎಂಜಿನ್ ಸಿಕ್ಕರೆ ಪರಿಹಾರದ ಹೊಣೆಯನ್ನು ತಮ್ಮ ತಲೆಗೇ ಕಟ್ಟಲು ಕಂಪನಿಗೆ ಕಾರಣ ಒದಗಿಸಿದಂತಾಗುತ್ತದೆ.

ಮೊದಲು ಬ್ಲಾಕಿನ ಮೇಲಿನ ಎಂಜಿನ್ ನಂಬರನ್ನು ಒರೆಸಿ ಓದಿ, ಷಾಸಿ ನಂಬರು ಆರ್‌ಸಿಗೆ ತಾಳೆಯಾಗುತ್ತದೆಯೇ ನೋಡಿ. ಎಂಜಿನ್ ಎಲ್ಲಿಂದ ಬಂತು ಎಂಬುದಕ್ಕೆ ನಂಬರು ಸಹಿತ ಬಿಲ್ ಮಾರಿದವರಲ್ಲಿದೆಯೇ ಕೇಳಿ; ಇಲ್ಲದಿದ್ದರೆ ಕಳವಿನ ಮಾಲಿನ ಅನುಮಾನವೂ ತಮ್ಮ ಮೇಲೆ ಬಂದೀತು. ನಂತರ ಆ ಕಾಗದಗಳೊಂದಿಗೆ ಆರ್‌ಟಿಒ ಕಚೇರಿಗೆ ತಾವಾಗಿಯೇ ಹೋಗಿ ವಿಷಯ ತಿಳಿಸಿ. ಒಪ್ಪಿಗೆ ಸಿಗದಿದ್ದರೆ ಆರ್‌ಸಿಯಲ್ಲಿರುವ ಬಗೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಹುಡುಕಿ, ಅನುಮತಿ ಪಡೆದು ಕೂರಿಸುವುದು ಖರ್ಚಿನ ದಾರಿಯಾದರೂ ನಿಶ್ಚಿಂತೆಯ ದಾರಿ.

ಪ್ರಶ್ನೆ: ಹಳೆಯ ಕಾರಿಗೆ ಬ್ಯಾಟರಿ ಮತ್ತು ಮೋಟರ್ ಕೂರಿಸಿ ಎಲೆಕ್ಟ್ರಿಕ್ ಮಾಡಿಸಲು ಕಾನೂನಿನಲ್ಲಿ ಅವಕಾಶವಿದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಇದೆ. ಅನುಮೋದಿತ ಕಿಟ್ ಮೂಲಕ ಇಂಧನದ ಬಗೆಯನ್ನು ಬದಲಿಸಲು 52ನೇ ಸೆಕ್ಷನ್ನಿನಲ್ಲೇ ವಿನಾಯಿತಿ ಇದೆ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳು ಕಾನೂನುಬದ್ಧವಾಗಿರುವುದು ಅದರಿಂದಲೇ. ಎಲೆಕ್ಟ್ರಿಕ್ ಕಿಟ್‌ಗಳು ಎಐಎಸ್ 123 ಎಂಬ ಮಾನದಂಡಕ್ಕೆ ಒಳಪಟ್ಟು ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಮಾರುವವರು ತೋರಿಸುವ ಪ್ರಮಾಣಪತ್ರ ತಮ್ಮ ಮಾದರಿಯ ಕಾರಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಓದಿ ನೋಡಿ. ಬ್ಯಾಟರಿಯನ್ನು ಪೂರ್ತಿಯಾಗಿ ಡಿಕ್ಕಿಗೆ ತುಂಬಿದರೆ ಹಿಂದಿನ ಪಟ್ಟೆ ಸ್ಪ್ರಿಂಗುಗಳ ಮೇಲೆ ಬೀಳುವ ತೂಕದ ಲೆಕ್ಕವನ್ನೂ ಕೇಳಿ.

ಪ್ರಶ್ನೆ: ಮೂಲ ಎಂಜಿನ್ನನ್ನೇ ಉಳಿಸಿಕೊಳ್ಳಲು ನಿರ್ಧರಿಸಿದ್ದೇನೆ. ನನ್ನದು 1974ರ ಅಂಬಾಸಿಡರ್. ಎಂಜಿನ್ ಇಳಿಸಿದಾಗ ಯಾವ ಕೆಲಸಗಳನ್ನು ತಪ್ಪದೆ ಮಾಡಿಸಬೇಕು? ಇಂದಿನ ಎಥನಾಲ್ ಬೆರೆತ ಪೆಟ್ರೋಲಿಗೆ ಅದು ತಡೆದೀತೇ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ತಮ್ಮ ನಿರ್ಧಾರ ನನಗೆ ಸಂತೋಷ ತಂದಿದೆ. ಬೋರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆಸಿ ಬರೆಸಿಕೊಳ್ಳಿ. ರೀಬೋರ್ ಬೇಕೆಂದಾದರೆ ಮೊದಲು ಓವರ್‌ಸೈಜ್ ಪಿಸ್ಟನ್ ಕೊಂಡು ಕೈಯಲ್ಲಿಟ್ಟುಕೊಂಡು, ಆ ಪಿಸ್ಟನ್ನಿನ ಅಳತೆಗೆ ತಕ್ಕಂತೆ ಬೋರ್ ಮಾಡಿಸಿ. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವುದು ಬೇಡ. ಈ ಎಂಜಿನ್ನಿನ ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗುಗಳು, ಆದ್ದರಿಂದ ಕ್ರ್ಯಾಂಕ್ ಗ್ರೈಂಡಿಂಗ್ ನಂಬಿಕಸ್ಥ ಲೇತಿನವರ ಕೈಯಲ್ಲೇ ಆಗಲಿ. ಕ್ರ್ಯಾಂಕಿನ ಹಿಂತುದಿಯಲ್ಲಿ ಇಂದಿನ ಎಂಜಿನ್ನುಗಳಲ್ಲಿರುವಂಥ ರಬ್ಬರ್ ಸೀಲ್ ಇಲ್ಲ, ಆಯಿಲನ್ನು ಹಿಂದಕ್ಕೆ ತಳ್ಳುವ ಸುರುಳಿ ಗೀರು ಮಾತ್ರ ಇದೆ. ಆದ್ದರಿಂದ ನಿಂತ ಕಾರಿನ ಕೆಳಗೆ ನಾಲ್ಕು ಹನಿ ಆಯಿಲ್ ಕಂಡರೆ ಗಾಬರಿಯಾಗಬೇಡಿ.

ಸೀಸ ಬೆರೆತ ಪೆಟ್ರೋಲ್ ನಮ್ಮಲ್ಲಿ 2000ದ ಫೆಬ್ರವರಿಯಲ್ಲಿ ನಿಂತಿತು. ಹಳೆಯ ಹೆಡ್‌ಗಳಲ್ಲಿ ಎಗ್ಸಾಸ್ಟ್ ವಾಲ್ವಿನ ಸೀಟುಗಳನ್ನು ಸವೆಯದಂತೆ ಕಾಯುತ್ತಿದ್ದುದು ಆ ಸೀಸವೇ. ಹೆಡ್ ಹೇಗೂ ಬಿಚ್ಚಿರುವಾಗ ಗಟ್ಟಿ ಉಕ್ಕಿನ ಸೀಟ್ ಇನ್ಸರ್ಟ್‌ಗಳನ್ನು ಹಾಕಿಸಿಬಿಡಿ.

ಎಥನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸಿ ಬಿರಿಯುವಂತೆ ಮಾಡುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಂ, ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಎಲ್ಲ ಹೋಸುಗಳು, ಕಾರ್ಕ್ ಗ್ಯಾಸ್ಕೆಟುಗಳನ್ನು ಎಥನಾಲ್ ತಡೆಯುವ ಬಗೆಗೆ ಬದಲಿಸಿ. ಹೀಗೆ ಮಾಡಿದರೆ ಎಂಜಿನ್ ತಡೆಯುತ್ತದೆ. ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲಿಗೆ ಗಾಳಿಯ ಪ್ರಮಾಣ ಸ್ವಲ್ಪ ಕಡಿಮೆ ಸಾಕು, ಆದ್ದರಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ತುಸು ಹೆಚ್ಚು ಮಾಡಿಸಿ, ಪ್ಲಗ್ಗಿನ ಬಣ್ಣ ನೋಡಿ ಹೊಂದಿಸಿ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರುವುದರಿಂದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವ ಮೊದಲು ಟ್ಯಾಂಕ್ ಮತ್ತು ಕಾರ್ಬ್ಯುರೇಟರಿನ ಫ್ಲೋಟ್ ಬೋಗುಣಿಯನ್ನು ಖಾಲಿ ಮಾಡುವುದು ಲೇಸು.

ಕೂರಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸದೆ ಏರಿಳಿಸುತ್ತಾ ಓಡಿಸಿ. ಆಮೇಲೆ ಆಯಿಲ್ ಬದಲಿಸಿ, ಎಂಜಿನ್ ತಣ್ಣಗಿರುವಾಗ ಹೆಡ್ಡಿನ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಕ್ರಮದಲ್ಲೇ ಮತ್ತೊಮ್ಮೆ ಬಿಗಿಸಿ, ಟ್ಯಾಪೆಟ್ ಗ್ಯಾಪನ್ನು ಹೊಸದಾಗಿ ಹೊಂದಿಸಿ.